ಇಬ್ಬರೂ ಒಪ್ಪಿದ ಒಂದು ಮಾತು

ಗಾಜಿನ ಕಾರ್ಖಾನೆಯ ಕುಲುಮೆಯ ದೊಡ್ಡ ಮೇಸ್ತ್ರಿಗೆ ಕೆಲಸದವರು ಇಟ್ಟ ಅಡ್ಡಹೆಸರು 'ಸರ್ಕಾರ'. ಅವನು ಬರುವುದು ಕಂಡರೆ ಸಾಕು, "ಸರ್ಕಾರ ಬಂತು, ದಾರಿ ಬಿಡ್ರಪ್ಪಾ" ಎಂದು ಒಬ್ಬರಾದರೂ ಕೂಗುತ್ತಿದ್ದರು. ಅದರಿಂದ ಅವನಿಗೆ ಬೇಸರವೇನೂ ಇರಲಿಲ್ಲ. ದೇಶದ ಗಣಿ, ರೈಲು, ಬ್ಯಾಂಕು, ಕಾರ್ಖಾನೆ ಎಲ್ಲ ಎಲ್ಲರ ಸೊತ್ತಾಗಿರಬೇಕು, ಒಬ್ಬನ ಜೇಬು ಸೇರಬಾರದು ಎಂದು ಅವನು ನಂಬಿದ್ದ. ನಂಬಿದ್ದನ್ನು ನಾಲ್ಕು ಜನ ಕೂತಲ್ಲೆಲ್ಲ ಹೇಳುತ್ತಿದ್ದ.

ಅವನ ಹೆಂಡತಿಯ ತಮ್ಮ ಅದೇ ಕಾರ್ಖಾನೆಯ ಮಾರಾಟ ವಿಭಾಗದಲ್ಲಿ ಗುಮಾಸ್ತ. ಅವನ ಅಡ್ಡಹೆಸರು 'ಮಾರ್ಕೆಟ್ಟು'. ಸರ್ಕಾರ ಕಾರ್ಖಾನೆ ನಡೆಸುವುದು ಅಂದರೆ ಬೆಕ್ಕಿನ ಕೈಗೆ ಹಾಲು ಕೊಟ್ಟು ಕಾಯಲು ಹೇಳಿದ ಹಾಗೆ ಎನ್ನುವುದು ಅವನ ವಾದ. ಭಾವ ಒಂದು ಹೇಳಿದರೆ ಭಾಮೈದ ಎರಡು ಹೇಳುವವನು. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಕ್ಯಾಂಟೀನಿನಲ್ಲಿ ಅವರಿಬ್ಬರ ಮೇಜಿನ ಸುತ್ತ ಜನ ತಟ್ಟೆ ಹಿಡಿದುಕೊಂಡೇ ನಿಲ್ಲುತ್ತಿದ್ದರು. ಕೋಳಿಜಗಳ ನೋಡುವವರ ಹಾಗೆ ಎರಡೂ ಕಡೆಯವರನ್ನು ಹುರಿದುಂಬಿಸುತ್ತಿದ್ದರು.

"ಭಾವ, ಹಿಂದುಗಡೆ ಬಾಟ್ಲಿ ಗುಡ್ಡ ನೋಡಿದ್ದೀರಾ? ಅದರ ಮೇಲೆ ಹುಲ್ಲು ಬೆಳೆದಿದೆ. ಯಾರಿಗೂ ಬೇಡದ ಬಾಟ್ಲಿ ಯಾಕಯ್ಯಾ ಮಾಡ್ತೀರಿ ಅಂದ್ರೆ, ಯೋಜನೆಯಲ್ಲಿ ಬರೆದಿದೆ ಅಂತಾರೆ. ಬರೆದವನು ಬಾಟ್ಲಿ ಕಣ್ಣಲ್ಲಿ ಕಂಡಿದ್ದಾನಾ?"

"ಕಂಡಿಲ್ಲ, ಒಪ್ಪಿದೆ. ಮಕ್ಕಳ ಔಷಧಿ ಬಾಟ್ಲಿ ಇವತ್ತೂ ಅಗ್ಗಕ್ಕೆ ಸಿಗ್ತಿದೆಯಲ್ಲ, ಅದನ್ನ ನಿನ್ನ ಸಾಹುಕಾರ ಮಾಡ್ತಾನಾ? ಬಂದ ಮೊದಲನೇ ದಿನವೇ ಅದನ್ನ ನಿಲ್ಲಿಸಿ ಸೆಂಟಿನ ಬಾಟ್ಲಿ ಶುರು ಮಾಡ್ತಾನೆ."

"ಸೆಂಟಿನ ಬಾಟ್ಲಿ ಮಾರಿದ ಲಾಭದಲ್ಲಿ ನಿಮಗೆ ನೆಟ್ಟಗೆ ಸಂಬಳ ಕೊಡ್ತಾನೆ."

"ಕೊಡ್ತಾನೆ, ಎದೆ ಗಟ್ಟಿ ಇರೋವರೆಗೆ. ಆಮೇಲೆ?"

ಎದೆಯ ಮಾತು ಬಂದರೆ ಭಾಮೈದ ವಿಷಯ ಬದಲಿಸುತ್ತಿದ್ದ. ಯಾಕೆಂದರೆ ಮೇಸ್ತ್ರಿಯ ಅಪ್ಪನ ಕಥೆ ಎಲ್ಲರಿಗೂ ಗೊತ್ತಿತ್ತು. ಕಾರ್ಖಾನೆ ಖಾಸಗಿಯವರ ಕೈಯಲ್ಲಿದ್ದ ಕಾಲದಲ್ಲಿ ಅವನು ಬಾಯಿಂದ ಊದಿ ಬಾಟ್ಲಿ ಮಾಡುತ್ತಿದ್ದವನು. ಕೆಮ್ಮು ಹತ್ತಿ ಉಸಿರು ಸಾಲದಾದಾಗ ಮಾಲೀಕ ಅವನನ್ನು ಗೇಟಿನ ಹೊರಗೆ ನಿಲ್ಲಿಸಿದ್ದ. ಅದೇ ಗೇಟಿನ ಎದುರು ಮೂರು ಚಳಿಗಾಲ ಕೂತು ಕೆಮ್ಮಿ ಸತ್ತ. ಹಾಗೆಯೇ ಭಾಮೈದನಿಗೂ ಒಂದು ಗಾಯವಿತ್ತು. ಅವನ ಅಪ್ಪ, ಅಂದರೆ ಮೇಸ್ತ್ರಿಯ ಮಾವ, ಬಟ್ಟೆ ಅಂಗಡಿ ಇಟ್ಟಿದ್ದ. ಎಲ್ಲವೂ ಸರ್ಕಾರದ್ದು ಎಂದಾದ ವರ್ಷ ಅಂಗಡಿಯೂ ಹೋಯಿತು. ಅವನ ಅಂಗಡಿಯಲ್ಲೇ ಅವನನ್ನು ಗುಮಾಸ್ತನನ್ನಾಗಿ ಇಟ್ಟರು. ತಾನೇ ಮಾಡಿಸಿದ ಬೀರು ತೆರೆಯಲು ಊರಿಗೆ ಹೊಸದಾಗಿ ಬಂದ ಮ್ಯಾನೇಜರನ ಬಳಿ ಕೀಲಿ ಕೇಳಿ ಕೇಳಿ, ಆ ಮನುಷ್ಯ ಕೊನೆಗೆ ಮಾತನ್ನೇ ಬಿಟ್ಟಿದ್ದ.

ಒಬ್ಬನ ಮಗಳಾಗಿ ಇನ್ನೊಬ್ಬನ ಸೊಸೆಯಾದವಳು ಮೇಸ್ತ್ರಿಯ ಹೆಂಡತಿ. ತಪಾಸಣೆ ವಿಭಾಗದಲ್ಲಿ ಅವಳ ಕೆಲಸ. ಹಾದು ಬರುವ ಬಾಟ್ಲಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು, ಗುಳ್ಳೆ, ಬಿರುಕು ಕಂಡದ್ದನ್ನು ಪಕ್ಕಕ್ಕೆ ಎಸೆಯುವುದು. ಭಾನುವಾರ ತಮ್ಮ ಊಟಕ್ಕೆ ಬಂದನೆಂದರೆ ಮನೆಯಲ್ಲೂ ಅದೇ ವಾದ. "ನಿಮ್ಮಿಬ್ಬರ ಜಗಳದಲ್ಲಿ ದೇಶ ಉದ್ಧಾರ ಆಗುತ್ತೋ ಇಲ್ವೋ, ನಾನು ಮಾಡಿದ ಅಡುಗೆ ಮಾತ್ರ ಆರಿ ಹೋಗುತ್ತೆ" ಎಂದು ಅವಳು ತಟ್ಟೆ ಕುಕ್ಕುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಊಟ ಮುಗಿದ ಮೇಲೆ ಭಾವ ಭಾಮೈದನನ್ನು ಬೀದಿಯ ತಿರುವಿನವರೆಗೆ ಕಳಿಸಲು ಹೋಗುವುದು, ತಿರುವಿನಲ್ಲಿ ನಿಂತು ಮತ್ತಷ್ಟು ವಾದಿಸುವುದು, ಮಾತು ಮುಗಿಯಲಿಲ್ಲವೆಂದು ಇಬ್ಬರೂ ಮತ್ತೆ ಮನೆಗೇ ವಾಪಸ್ಸು ಬರುವುದು. ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುತ್ತಿರಲಿಲ್ಲ ಅನ್ನುವುದೇ ಸತ್ಯ.

ಹೀಗಿರುವಾಗ ದೇಶದ ಖಜಾನೆ ಬರಿದಾಯಿತು. ಹಳೆಯ ಸರ್ಕಾರ ಬಿತ್ತು. ಹೊಸದಾಗಿ ಬಂದವರು ಇಷ್ಟೊಂದು ಕಾರ್ಖಾನೆ ಸಾಕುವುದು ನಮ್ಮಿಂದಾಗದು ಎಂದು ಕೈ ಚೆಲ್ಲಿದರು. ಮಾರಬಹುದಾದದ್ದನ್ನು ಮಾರುತ್ತೇವೆ, ಕೆಲಸಗಾರರೇ ವಹಿಸಿಕೊಂಡು ನಡೆಸುತ್ತೇವೆ ಅಂದರೆ ಅವರಿಗೇ ಬಿಡುತ್ತೇವೆ, ನೀವೇ ಸಭೆ ಸೇರಿ ತೀರ್ಮಾನ ಮಾಡಿ ಅಂದರು. ಮ್ಯಾನೇಜರು ರಜೆ ಹಾಕಿ ಹೋದವನು ಪತ್ತೆಯಿಲ್ಲ. ತೀರ್ಮಾನ ಆಗುವವರೆಗೆ ಕಾರ್ಖಾನೆ ನೋಡಿಕೊಳ್ಳಲು ಎರಡೂ ಪಕ್ಷಕ್ಕೆ ಒಬ್ಬೊಬ್ಬರಂತೆ ಆರಿಸಿ ಎಂದಾಗ ಜನ ಯೋಚಿಸುವ ಗೋಜಿಗೇ ಹೋಗಲಿಲ್ಲ. ಆ ಕಡೆಗೆ ಸರ್ಕಾರ, ಈ ಕಡೆಗೆ ಮಾರ್ಕೆಟ್ಟು. ಮ್ಯಾನೇಜರನ ಕೋಣೆಯಲ್ಲಿ ಭಾವ ಭಾಮೈದ ಎದುರುಬದುರು ಕುರ್ಚಿ ಹಾಕಿಕೊಂಡು ಕೂತರು. ಇಬ್ಬರೂ ಒಪ್ಪದೆ ಒಂದು ಮೊಳೆಯೂ ಅಲ್ಲಾಡುವ ಹಾಗಿರಲಿಲ್ಲ.

ಗಾಜಿನ ಕುಲುಮೆ ಅನ್ನುವುದು ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವ ಮನೆಯ ಒಲೆಯಲ್ಲ. ಒಂದು ಸಲ ಹಚ್ಚಿದರೆ ವರ್ಷಗಟ್ಟಲೆ ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಒಳಗೆ ದೊಡ್ಡ ತೊಟ್ಟಿಯಲ್ಲಿ ಕರಗಿದ ಗಾಜು ಜೇನಿನ ಹಾಗೆ ತುಂಬಿರುತ್ತದೆ. ಉರಿ ತಪ್ಪಿ ಅದು ಒಳಗೇ ಹೆಪ್ಪುಗಟ್ಟಿತೋ, ತೊಟ್ಟಿಯ ಇಟ್ಟಿಗೆಯನ್ನೂ ಸೀಳಿಕೊಂಡು ಒಂದೇ ಬಂಡೆಯಾಗಿ ಕೂರುತ್ತದೆ. ಆಮೇಲೆ ಆ ಕುಲುಮೆಯನ್ನು ಒಡೆದು ಹಾಕಬೇಕೇ ಹೊರತು ಹಚ್ಚುವುದು ಬ್ರಹ್ಮನಿಂದಲೂ ಆಗದು. ಮೇಸ್ತ್ರಿಗೆ ಇದು ತನ್ನ ಅಂಗೈಯಷ್ಟೇ ಗೊತ್ತಿದ್ದ ವಿಷಯ. ಕುಲುಮೆಯ ಕಿಂಡಿಯಿಂದ ಬರುವ ಬೆಳಕಿನ ಬಣ್ಣ ನೋಡಿಯೇ ಒಳಗಿನ ಕಾವು ಹೇಳುತ್ತಿದ್ದ.

ಖಜಾನೆ ಬರಿದಾದ ದೇಶದಲ್ಲಿ ಕುಲುಮೆ ಉರಿಸುವ ಎಣ್ಣೆ ಎಲ್ಲಿಂದ ಬರಬೇಕು? ಟ್ಯಾಂಕರುಗಳು ಬರುವುದು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಹಡಗುಕಟ್ಟೆಯ ಕಾರ್ಮಿಕ ಸಂಘದವರು ಮೇಸ್ತ್ರಿಗೆ ಮಾತು ಕೊಟ್ಟಿದ್ದರು, ಹೇಗಾದರೂ ಮಾಡಿ ಒಂದು ಟ್ಯಾಂಕರು ಕಳಿಸುತ್ತೇವೆ ಎಂದು. ಕಾರ್ಖಾನೆ ಕೊಳ್ಳಲು ಮುಂದೆ ಬಂದಿದ್ದ ಕಂಪನಿಯವರೂ ಭಾಮೈದನಿಗೆ ಅದೇ ಮಾತು ಕೊಟ್ಟಿದ್ದರು. ಇಬ್ಬರೂ ತಮ್ಮ ತಮ್ಮ ಟ್ಯಾಂಕರಿಗೆ ಕಾಯುತ್ತಾ ಕೂತರು. ಯಾರ ಟ್ಯಾಂಕರು ಮೊದಲು ಗೇಟು ದಾಟುತ್ತದೋ ಅವರ ಕಡೆಗೇ ಸಭೆಯ ಮತ ಬೀಳುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಸಭೆಗೆ ಮುಂಚಿನ ಭಾನುವಾರ ಇಬ್ಬರೂ ಊಟಕ್ಕೆ ಕೂತಿದ್ದಾಗ ಬಾಗಿಲಲ್ಲಿ ಚಳಿಯಪ್ಪ ಬಂದು ನಿಂತ. ಅವನು ಕುಲುಮೆಯ ಎರಡನೇ ಮೇಸ್ತ್ರಿ. ಅಂಥ ಬೆಂಕಿಯ ಮುಂದೆ ನಿಂತಾಗಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದುದರಿಂದ ಆ ಹೆಸರು. ಮಾತು ಕಮ್ಮಿ. ರಜೆಯ ದಿನ ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು.

"ಕೂತ್ಕೊಳ್ಳಿ, ಊಟ ಮಾಡಿ" ಅಂದಳು ಮೇಸ್ತ್ರಿಯ ಹೆಂಡತಿ.

"ಊಟಕ್ಕಲ್ಲ ತಾಯಿ ಬಂದಿದ್ದು." ಅವನು ನಿಂತೇ ಹೇಳಿದ. "ಮೇಸ್ತ್ರಿ, ಎಣ್ಣೆ ತಳ ಕಾಣ್ತಿದೆ. ಉರಿ ಸಣ್ಣ ಮಾಡಿ ಮಾಡಿ ಇಲ್ಲಿವರೆಗೆ ತಂದೆ. ಇನ್ನು ಆಗಲ್ಲ. ಈಗ ಉಳಿದಿರೋ ಎಣ್ಣೆಯಲ್ಲಿ ಒಂದು ಕೆಲಸ ಆಗುತ್ತೆ. ಗಾಜು ಬಸಿದು ಬಿಡೋಣ. ಬಸಿದು, ಉರಿ ಮೆಲ್ಲಗೆ ಇಳಿಸ್ತಾ ಬಂದು ಆರಿಸೋಣ. ಇಟ್ಟಿಗೆ ಉಳಿಯುತ್ತೆ. ಯಾರಾದ್ರೂ ಒಡೆಯರಾಗಲಿ, ಎಣ್ಣೆ ಬಂದ ದಿನ ಮತ್ತೆ ಹಚ್ಕೊಳ್ಳಬಹುದು."

ಮೇಸ್ತ್ರಿ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಸಿದ. ಚಳಿಯಪ್ಪ ಹೇಳುವುದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅವನ ಜಾಗದಲ್ಲಿ ಇದ್ದಿದ್ದರೆ ತಾನು ಎರಡು ದಿನ ಮುಂಚೆಯೇ ಹೇಳುತ್ತಿದ್ದೆ ಎಂದು ಅನಿಸಿತು. ಅದರ ಬೆನ್ನಿಗೇ ಸಭೆ ಕಣ್ಣ ಮುಂದೆ ಬಂತು. ಕೆಲಸಗಾರರ ಕೈಗೆ ಕಾರ್ಖಾನೆ ಕೊಡಿ ಎಂದು ತಾನು ವೇದಿಕೆ ಮೇಲೆ ನಿಂತು ಕೇಳಬೇಕು. ಹಿಂದುಗಡೆ ಕೆಲಸಗಾರರ ಮೇಸ್ತ್ರಿಯೇ ಆರಿಸಿದ ಕುಲುಮೆ ತಣ್ಣಗೆ ಬಾಯಿ ತೆರೆದುಕೊಂಡು ಬಿದ್ದಿರಬೇಕು. ನಡೆಸೋಕಾಗದೆ ಎರಡೇ ವಾರಕ್ಕೆ ಬಾಗಿಲು ಹಾಕಿದವರು ಅಂತ ಅಂದರೆ ಯಾವ ಬಾಯಲ್ಲಿ ಉತ್ತರ ಹೇಳುವುದು?

"ಸಭೆ ಮುಗೀಲಿ" ಅಂದ.

"ಸಭೆ ಬುಧವಾರ, ಮೇಸ್ತ್ರಿ. ಅಷ್ಟು ದಿನ ಎಣ್ಣೆ ಇದ್ರೂ ಪೂರ್ತಿ ಬಸಿಯೋದಕ್ಕೆ ಸಾಲಲ್ಲ."

"ಹಡಗುಕಟ್ಟೆಯಿಂದ ಟ್ಯಾಂಕರು ಹೊರಟಿದೆ ಅಂತ ಸುದ್ದಿ ಇದೆ."

ಚಳಿಯಪ್ಪ ಭಾಮೈದನ ಕಡೆ ತಿರುಗಿದ. "ನೀವಾದ್ರೂ ಹೇಳಿ ಸ್ವಾಮಿ. ಲೆಕ್ಕಾಚಾರದ ಮನುಷ್ಯರು ನೀವು."

ಭಾಮೈದ ನೀರು ಕುಡಿದ, ಲೋಟ ಕೆಳಗಿಟ್ಟ, ಮತ್ತೆ ಎತ್ತಿಕೊಂಡ. "ಕಂಪನಿಯವರು ಉರಿಯೋ ಕುಲುಮೆ ನೋಡಿ ಬೆಲೆ ಕಟ್ಟಿದ್ದಾರೆ. ಖಾಲಿ ತೊಟ್ಟಿ ತೋರಿಸಿದ್ರೆ ನಾಳೆ ಕಾಲು ಭಾಗಕ್ಕೂ ಕೇಳಲ್ಲ. ಅವರೂ ಎಣ್ಣೆ ಕಳಿಸ್ತೀವಿ ಅಂದಿದ್ದಾರೆ. ಬೇಡ, ಬಸಿಯೋದು ಬೇಡ."

"ಬೇಡ" ಅಂದ ಮೇಸ್ತ್ರಿ.

ಮೇಸ್ತ್ರಿಯ ಹೆಂಡತಿ ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು. "ಅಂತೂ ಇಂತೂ ನೀವಿಬ್ರೂ ಒಂದು ಮಾತಿಗೆ ಒಪ್ಪಿದ್ರಲ್ಲ" ಅಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ. "ರೀ, ಅವರು ಹೇಳಿದ ಹಾಗೆ ಬಸೀರಿ. ಇರೋದನ್ನ ಮೊದಲು ಉಳಿಸ್ಕೊಳ್ಳಿ. ಆಮೇಲೆ ಯಾರದ್ದು ಅಂತ ಜಗಳ ಆಡಿ."

"ಅಕ್ಕಾ, ನೀನು ಅಂದ್ಕೊಂಡಷ್ಟು ಸುಲಭ ಅಲ್ಲ ಇದು."

"ಸುಮ್ನಿರೇ, ನಿನಗೆ ಗೊತ್ತಾಗಲ್ಲ" ಅಂದ ಮೇಸ್ತ್ರಿ ಕೂಡ. ಹದಿನಾಲ್ಕು ವರ್ಷ ಒಂದೇ ಕಾರ್ಖಾನೆಯಲ್ಲಿ ಅವಳೂ ದುಡಿದವಳು ಎನ್ನುವುದು ಆ ಹೊತ್ತಿನಲ್ಲಿ ಅವನಿಗೆ ನೆನಪಾಗಲಿಲ್ಲ.

ಚಳಿಯಪ್ಪ ಮಫ್ಲರ್ ಬಿಗಿ ಮಾಡಿಕೊಂಡು ಮೆಟ್ಟಿಲಿಳಿದ. ಆ ಭಾನುವಾರ ಮೇಸ್ತ್ರಿ ಭಾಮೈದನನ್ನು ತಿರುವಿನವರೆಗೆ ಕಳಿಸಲು ಹೋಗಲಿಲ್ಲ.

ಬುಧವಾರ ಬಂದರೂ ಎರಡು ಟ್ಯಾಂಕರೂ ಬರಲಿಲ್ಲ. ಪ್ಯಾಕಿಂಗ್ ಶೆಡ್ಡಿನಲ್ಲಿ ಸಭೆ. ಪೆಟ್ಟಿಗೆಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ರಾಜಧಾನಿಯಿಂದ ಬಂದ ಅಧಿಕಾರಿಯೊಬ್ಬ ನಡುವೆ ಕೂತಿದ್ದ. ಮೊದಲು ಭಾಮೈದ ಎದ್ದ. ಅವನು ಅಷ್ಟು ಚೆನ್ನಾಗಿ ಮಾತಾಡುತ್ತಾನೆಂದು ಮೇಸ್ತ್ರಿಗೂ ಗೊತ್ತಿರಲಿಲ್ಲ.

"ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅಂತ ಅರ್ಥ" ಅಂದ ಭಾಮೈದ. "ನಿಮ್ಮ ಮನೆ ಸೂರು ಸೋರಿದ್ರೆ ಅವತ್ತೇ ಹತ್ತಿ ಹೆಂಚು ಸರಿ ಮಾಡ್ತೀರಿ. ಈ ಶೆಡ್ಡಿನ ಸೂರು ಎಷ್ಟು ಮಳೆಗಾಲದಿಂದ ಸೋರ್ತಿದೆ? ಕೆಳಗೆ ಬಕೆಟ್ ಇಟ್ಟಿದ್ದೀವಿ. ಬಕೆಟ್ ತುಂಬಿದ್ರೆ ಚೆಲ್ಲೋದಕ್ಕೂ ಒಬ್ಬರನ್ನ ನೇಮಿಸಿದ್ದೀವಿ! ಹೆಂಚು ಯಾರೂ ಹಾಕಲಿಲ್ಲ. ಯಾಕೆ? ಹಾಕದಿದ್ರೆ ಯಾರಿಗೂ ನಷ್ಟ ಇಲ್ಲ."

ಜನ ಗೊಳ್ಳೆಂದರು. ಬಕೆಟ್ ಚೆಲ್ಲುವವನೂ ನಕ್ಕ.  ಭಾಮೈದ ಅಲ್ಲಿಗೆ ನಿಲ್ಲಿಸಲಿಲ್ಲ. ತನ್ನಪ್ಪನ ಬಟ್ಟೆ ಅಂಗಡಿಯ ಕಥೆ ಎತ್ತಿದ. ಸ್ವಂತ ಬೀರುವಿನ ಮುಂದೆ ಕೈ ಕಟ್ಟಿ ನಿಂತ ಮುದುಕ, ಕೀಲಿ ಕೊಡದೆ ಚಹಾ ಕುಡಿಯಲು ಹೋದ ಮ್ಯಾನೇಜರು, ಮನೆಗೆ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದ ಅಪ್ಪ.  ನಗುತ್ತಿದ್ದ ಶೆಡ್ಡು ತಣ್ಣಗಾಯಿತು.

ಆಮೇಲೆ ಮೇಸ್ತ್ರಿ ಎದ್ದ. "ಸೂರು ಸೋರಿದ್ದು ನಿಜ. ಆದ್ರೆ ಸೋರೋ ಸೂರಿನ ಕೆಳಗಾದ್ರೂ ನಾವಿದ್ದೀವಿ. ಒಡೆಯ ಬಂದ್ರೆ ಸೂರು ಸರಿಯಾಗುತ್ತೆ, ಕೆಳಗೆ ಯಾರಿರ್ತಾರೆ ಅಂತ ಕೇಳಿ ನೋಡಿ. ಅವನಿಗೆ ನಮ್ಮಲ್ಲಿ ಅರ್ಧ ಜನ ಸಾಕು. ಇನ್ನರ್ಧ ಯಾರು ಅಂತ ಅವನು ಆರಿಸ್ತಾನೆ. ಪಕ್ಕದಲ್ಲಿ ಕೂತಿರೋನ ಮುಖ ನೋಡ್ಕೊಳ್ಳಿ. ಅವನೋ, ನೀವೋ?"

ಜನ ನಿಜವಾಗಿಯೂ ಪಕ್ಕಕ್ಕೆ ತಿರುಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ತನ್ನ ಕಡೆ ವಾಲುವುದು ಮೇಸ್ತ್ರಿಗೆ ಗಾಳಿ ತಿರುಗಿದಷ್ಟು ಸ್ಪಷ್ಟವಾಗಿ ತಿಳಿಯಿತು. ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಚಳಿಯಪ್ಪ ಕಾಣಿಸಿದ. ಅಂಗೈ ಕೆಳಮುಖ ಮಾಡಿ ಮೆಲ್ಲಗೆ ಇಳಿಸಿದ. ಗದ್ದಲದಲ್ಲಿ ಕೂಗಿದರೆ ಕೇಳದೆಂದು ಕುಲುಮೆಯವರು ಮಾಡಿಕೊಂಡ ಸನ್ನೆ ಅದು: ಕಾವು ಇಳಿಯುತ್ತಿದೆ. ಆಗಲಾದರೂ ಸಭೆ ನಿಲ್ಲಿಸಿ ಓಡಿದ್ದರೆ ಅರ್ಧ ತೊಟ್ಟಿಯನ್ನಾದರೂ ಬಸಿಯಬಹುದಿತ್ತು. ಮೇಸ್ತ್ರಿ ಪಕ್ಕಕ್ಕೆ ನೋಡಿದ. ಭಾಮೈದನೂ ಆ ಸನ್ನೆ ಕಂಡಿದ್ದ. ಒಂದು ಗಳಿಗೆ ಇಬ್ಬರ ಕಣ್ಣೂ ಕೂಡಿದವು. ಭಾಮೈದ ತಲೆ ತಗ್ಗಿಸಿ ತನ್ನ ಬೂಟು ನೋಡತೊಡಗಿದ. ಮೇಸ್ತ್ರಿ ಜನರ ಕಡೆ ತಿರುಗಿದ.

"ನನ್ನಪ್ಪ ಈ ಗೇಟಿನ ಹೊರಗೆ ಸತ್ತ" ಅಂದ.

ಅಪ್ಪನ ಕಥೆಯನ್ನು ಅವನು ಅದುವರೆಗೆ ಸಭೆಯಲ್ಲಿ ಹೇಳಿದವನಲ್ಲ. ಆ ದಿನ ಒಂದನ್ನೂ ಬಿಡದೆ ಹೇಳಿದ. ಊದುವ ಕೊಳವೆ ತುಟಿಗೆ ಬರೆ ಹಾಕಿದ್ದು, ಕೆಮ್ಮಿದಾಗ ಕರವಸ್ತ್ರದಲ್ಲಿ ಬಂದದ್ದು, ಗೇಟಿನ ಕಾವಲುಗಾರ ಅವನನ್ನು ಕಾಲಲ್ಲಿ ಸರಿಸಿದ್ದು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಇನ್ನೂ ಸ್ವಲ್ಪ ಬೇಕು ಅನ್ನಿಸಿ, ಅಪ್ಪ ಹೇಗೆ ಕೆಮ್ಮುತ್ತಿದ್ದ ಅಂತ ಕೆಮ್ಮಿಯೂ ತೋರಿಸಿದ. ಕೆಮ್ಮಿದ ಮೇಲೆ ಎದುರಿಗೆ ನೋಡಿದರೆ ತಪಾಸಣೆಯವರ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದಳು. ತಮ್ಮನು ಅಪ್ಪನನ್ನು ವೇದಿಕೆಗೆ ಎಳೆದು ತಂದದ್ದನ್ನೂ ಅವಳು ನೋಡಿದ್ದಳು, ಗಂಡನು ಅವನ ಅಪ್ಪನನ್ನು ಎಳೆದು ತಂದದ್ದನ್ನೂ ನೋಡಿದಳು. ಜನರ ಮಧ್ಯೆ ದಾರಿ ಮಾಡಿಕೊಂಡು ಹೊರಗೆ ಹೋದಳು.

ಕೈ ಎತ್ತಿಸಿದರು. ಮೇಸ್ತ್ರಿಯ ಪಕ್ಷ ಗೆದ್ದಿತು. ಕಾರ್ಖಾನೆ ಇನ್ನು ಮುಂದೆ ಕೆಲಸಗಾರರದ್ದು ಎಂದು ಅಧಿಕಾರಿ ಘೋಷಿಸಿದ ಕೂಡಲೇ ಶೆಡ್ಡು ಹಾರಿಹೋಗುವ ಹಾಗೆ ಕೂಗು. ಅವನನ್ನು ಹೆಗಲ ಮೇಲೆ ಹೊತ್ತರು. "ಕುಲುಮೆಗೆ ಹೋಗೋಣ, ನಮ್ಮ ಕುಲುಮೆಗೆ!" ಎಂದು ಯಾರೋ ಅಂದರು. ಮೆರವಣಿಗೆ ಅಂಗಳ ದಾಟಿ ಹೊರಟಿತು. ಹೆಗಲ ಮೇಲೆ ಕೂತವನಿಗೆ ದೂರದಿಂದಲೇ ಕಿಂಡಿಯ ಬಣ್ಣ ಕಂಡಿತು. ಕಣ್ಣು ಕುಕ್ಕುವ ಬಿಳಿ ಇರಬೇಕಾದಲ್ಲಿ ಕೆಂಪು ಇತ್ತು, ಆರುವ ಕೆಂಡದ ಕೆಂಪು. "ಇಳಿಸ್ರೋ, ನನ್ನ ಇಳಿಸ್ರೋ" ಎಂದು ಅವನು ಕಿರುಚುತ್ತಿದ್ದ. ಜಯಕಾರದ ಮಧ್ಯೆ ಅದು ಯಾರಿಗೂ ಕೇಳಿಸಲಿಲ್ಲ.

ಟ್ಯಾಂಕಿನಲ್ಲಿ ಎಣ್ಣೆ ಮುಗಿದಿತ್ತು. ಚಳಿಯಪ್ಪ ಒಬ್ಬನೇ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಮುರಿದು ಕುಲುಮೆಗೆ ತುಂಬುತ್ತಿದ್ದ. ಮೇಸ್ತ್ರಿ ಅಂಗಿ ಕಿತ್ತೆಸೆದು ಸೇರಿಕೊಂಡ. ಆಮೇಲೆ ಎಲ್ಲರೂ. ಸಂಜೆಯವರೆಗೆ ಪೆಟ್ಟಿಗೆ, ಹಲಗೆ, ಮೇಜು, ಮ್ಯಾನೇಜರನ ಕೋಣೆಯ ಎದುರುಬದುರು ಕುರ್ಚಿಗಳು, ಭಾಷಣ ಮಾಡಿದ ವೇದಿಕೆ, ಕೈಗೆ ಸಿಕ್ಕಿದ್ದೆಲ್ಲ ಬೆಂಕಿಗೆ ಬಿತ್ತು. ಭಾಮೈದ ತನ್ನ ಮನೆಯ ಮಂಚ ಬಿಚ್ಚಿ ಗಾಡಿಯಲ್ಲಿ ಹಾಕಿಕೊಂಡು ಬಂದ. "ಹಿಡೀರಿ ಭಾವ" ಅಂದ. ಇಬ್ಬರೂ ಮಂಚದ ಒಂದೊಂದು ತುದಿ ಹಿಡಿದು ಉರಿಗೆ ನೂಕಿದರು. ಮುಖಕ್ಕೆ ಮಸಿ ಬಳಿದುಕೊಂಡು, ಒಂದೂ ಮಾತಿಲ್ಲದೆ, ಹುಟ್ಟಿದಾಗಿನಿಂದ ಒಟ್ಟಿಗೆ ದುಡಿದವರ ಹಾಗೆ ದುಡಿದರು. ಸೌದೆಯ ಉರಿಗೆ ಗಾಜು ಕರಗುತ್ತದೆಯೇ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯಿತು. ಒಳಗಿನ ಗಾಜು ಅಂಟಾಯಿತು, ಆಮೇಲೆ ಮೇಣವಾಯಿತು. ಬೆಳಗಾಗುವಾಗ ತೊಟ್ಟಿಯ ಒಳಗಿನಿಂದ ಚಟಾರ್ ಎಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಇಟ್ಟಿಗೆ ಸೀಳುತ್ತಿತ್ತು. ಚಳಿಯಪ್ಪ ಮಫ್ಲರ್ ಬಿಚ್ಚಿ ಮುಖ ಒರೆಸಿಕೊಂಡು, ಮೇಸ್ತ್ರಿಯ ಮುಖವನ್ನೂ ನೋಡದೆ ಹೋಗಿ ಗೋಡೆಗೆ ಒರಗಿ ಕೂತ.

ಕಂಪನಿಯವರು ಬಂದು ನೋಡಿ, ಬಂದ ಕಾರಿನಲ್ಲೇ ವಾಪಸ್ಸು ಹೋದರು. ಅಧಿಕಾರಿ ಮಾತ್ರ ಹೇಳಿದ ಮಾತಿಗೆ ತಪ್ಪಲಿಲ್ಲ. ಕಾಗದಪತ್ರ ಎಲ್ಲ ಸರಿಯಾಗಿ ಮಾಡಿಸಿ ಕಾರ್ಖಾನೆಯನ್ನು ಕೆಲಸಗಾರರಿಗೆ ವಹಿಸಿಕೊಟ್ಟ. ಸೋರುವ ಶೆಡ್ಡು, ಹುಲ್ಲು ಬೆಳೆದ ಬಾಟ್ಲಿ ಗುಡ್ಡ, ಹೊಟ್ಟೆಯಲ್ಲಿ ಗಾಜಿನ ಬಂಡೆ ಇಟ್ಟುಕೊಂಡ ಕುಲುಮೆ, ಎಲ್ಲ ಎಲ್ಲರದ್ದಾಯಿತು. ಅಭಿನಂದನೆ ಹೇಳಿ ಅಧಿಕಾರಿ ಮೇಸ್ತ್ರಿಯ ಕೈ ಕುಲುಕಿದಾಗ, ಅವನಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು.

ಹೊಟ್ಟೆ ಕೇಳಬೇಕಲ್ಲ. ಒಡೆದ ಗಾಜನ್ನು ಬೇರೆ ಕಾರ್ಖಾನೆಗಳು ಕರಗಿಸಲು ಕೊಳ್ಳುತ್ತವೆ ಎಂದು ಯಾರೋ ಹೇಳಿದರು. ಕೊಳ್ಳುವವರು ಯಾರೆಂದು ವಿಚಾರಿಸಿದರೆ, ಬಂದ ಕಾರಿನಲ್ಲಿ ವಾಪಸ್ಸು ಹೋಗಿದ್ದ ಕಂಪನಿಯೇ. ಅವರಿಗೆ ಇನ್ನೊಂದು ಊರಿನಲ್ಲಿ ಉರಿಯುವ ಕುಲುಮೆ ಇತ್ತು. ಕೆಲಸಗಾರರು ಸುತ್ತಿಗೆ, ಉಳಿ ಹಿಡಿದು ತಮ್ಮ ಕುಲುಮೆಯ ಗೋಡೆ ಒಡೆದರು, ಒಳಗಿನ ಹಸಿರು ಬಂಡೆಯನ್ನು ಚೂರು ಚೂರು ಮಾಡಿ ಗೋಣಿಗೆ ತುಂಬತೊಡಗಿದರು. ಬಾಟ್ಲಿಯ ಕೆಲಸ ನಿಂತ ಮೇಲೆ ತಪಾಸಣೆಗೆ ಏನಿದೆ? ಮೇಸ್ತ್ರಿಯ ಹೆಂಡತಿಯೂ ಗಾಜು ಒಡೆಯಲು ಹೋದಳು. ಸಂಜೆ ಬಂದಾಗ ಕೈಗೆ ಬಟ್ಟೆ ಸುತ್ತಿಕೊಂಡಿರುತ್ತಿದ್ದಳು. ಮೇಸ್ತ್ರಿ ಮೊದಲ ವಾರ ಮುಖ ಮುಚ್ಚಿಕೊಂಡು ಮನೆಯಲ್ಲಿ ಮಲಗಿದ. ಆಮೇಲೆ ಒಂದು ಬೆಳಗ್ಗೆ ಎದ್ದು ಹೋಗಿ ಸಾಲಿನಲ್ಲಿ ನಿಂತ. ಚಳಿಯಪ್ಪ ಅವನ ಕೈಗೂ ಒಂದು ಸುತ್ತಿಗೆ ಕೊಟ್ಟ. ಯಾರೂ ಬೈಯಲಿಲ್ಲ. 'ಸರ್ಕಾರ' ಎಂದು ಕರೆಯುವುದನ್ನು ಮಾತ್ರ ಎಲ್ಲರೂ ಬಿಟ್ಟಿದ್ದರು. "ಏ, ಆ ಕಡೆ ಸರಿ" ಅನ್ನುತ್ತಿದ್ದರು, ಅಷ್ಟೆ.

ಭಾಮೈದನಿಗೆ ಕಂಪನಿಯವರು ತಮ್ಮ ಊರಿನಲ್ಲಿ ಕೆಲಸ ಕೊಟ್ಟರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟ. ಹೋಗುವ ಹಿಂದಿನ ದಿನ ಅಕ್ಕನ ಮನೆಗೆ ಬಂದ. ಭಾವ ಒಳಗಿನ ಕೋಣೆಯಲ್ಲಿ ಇದ್ದವನು ಹೊರಗೆ ಬರಲಿಲ್ಲ. ಬೀದಿಯ ತಿರುವಿನವರೆಗೆ ಅಕ್ಕನೇ ಹೋಗಿ ಕಳಿಸಿ ಬಂದಳು.

ಭಾಮೈದ ಹೋದ ಮೇಲೆ ಮೇಸ್ತ್ರಿಗೆ ನಾಲಿಗೆಯೇ ಬಿದ್ದುಹೋದ ಹಾಗಾಯಿತು. ಕ್ಯಾಂಟೀನು ಮುಚ್ಚಿತ್ತು. ಬುತ್ತಿ ತಂದು ಗೋಣಿಗಳ ಮೇಲೆ ಕೂತು ತಿನ್ನುವಾಗ ಒಳ್ಳೊಳ್ಳೆಯ ಮಾತುಗಳು ಬಾಯಿಗೆ ಬರುತ್ತಿದ್ದವು. ಇದಕ್ಕೆ ಅವನು ಹೀಗೆ ಅನ್ನುತ್ತಿದ್ದ, ನಾನು ಹೀಗೆ ಅನ್ನುತ್ತಿದ್ದೆ ಎಂದು ಮನಸ್ಸಿನಲ್ಲೇ ವಾದ ಹೂಡುತ್ತಿದ್ದ. ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಚಳಿಯಪ್ಪನ ಪಕ್ಕದಲ್ಲಿ ಕೂತು ಎರಡು ಸಲ ಶುರುಮಾಡಿ ನೋಡಿದ. ಚಳಿಯಪ್ಪ ಬುತ್ತಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತ.

ಭಾನುವಾರ ಭಾಮೈದ ಅಕ್ಕನಿಗೆ ಫೋನ್ ಮಾಡುತ್ತಿದ್ದ. ಭಾವನನ್ನು ಕೇಳುತ್ತಿರಲಿಲ್ಲ, ಭಾವನೂ ಫೋನಿನ ಹತ್ತಿರ ಸುಳಿಯುತ್ತಿರಲಿಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಒಂದು ದಿನ ಅಕ್ಕನಿಗೇ ಸಾಕಾಯಿತೇನೋ. "ಹಿಡೀರಿ, ಮಾತಾಡಿ. ನೀವು ಹೀಗಿರೋದನ್ನ ನೋಡೋದಕ್ಕಾಗಲ್ಲ" ಎಂದು ಫೋನನ್ನು ಗಂಡನ ಕೈಗೆ ತುರುಕಿ, ಮೇಜಿನ ಬಳಿ ಕೂತು ಕೈಗೆ ಸುತ್ತಿದ ಬಟ್ಟೆ ಬಿಚ್ಚತೊಡಗಿದಳು.

"ಭಾವ, ಚೆನ್ನಾಗಿದ್ದೀರಾ?"

"ಇದ್ದೀನಿ. ನಿನ್ನ ಸಾಹುಕಾರ ಹೇಗಿದ್ದಾನೆ? ಸೂರು ಸೋರ್ತಿಲ್ಲ ತಾನೆ?"

"ಸೋರ್ತಿಲ್ಲ. ಹೋದ ತಿಂಗಳು ನೂರು ಜನರನ್ನ ತೆಗೆದ್ರು, ಅದೂ ನಿಜ. ನೀವು ಹೇಳಿದ್ರಿ, ನಾನೇನೂ ಇಲ್ಲ ಅನ್ನಲ್ಲ. ಆದ್ರೆ ಕುಲುಮೆ ಉರೀತಿದೆ, ಭಾವ. ಅಲ್ಲೂ ಒಬ್ಬ ಒಡೆಯ ಇದ್ದಿದ್ರೆ ಅವತ್ತು ಎಣ್ಣೆ ಬರ್ತಿತ್ತು."

"ಒಡೆಯ ಆಗ್ತೀನಿ ಅಂತ ಬಂದವನೇ ಕಳಿಸಲಿಲ್ಲವಲ್ಲ!" ಮೇಸ್ತ್ರಿಯ ದನಿ ಏರಿತು. ಎಷ್ಟೋ ತಿಂಗಳ ಮೇಲೆ ಎದೆಗೆ ಗಾಳಿ ಬಂದ ಹಾಗಾಯಿತು. "ಸರ್ಕಾರ ಕೈ ಬಿಟ್ಟಿದ್ದಕ್ಕೆ ಹೀಗಾಯ್ತು ಕಣಯ್ಯಾ. ಸಾಕ್ತೀವಿ ಅಂತ ಹೇಳಿ ನಡುನೀರಲ್ಲಿ ಬಿಟ್ಟು ಹೋದ್ರು."

"ಬಿಡೋದು ಗೊತ್ತಿತ್ತಲ್ಲ ನಿಮಗೆ? ಬಸಿದು ಉಳಿಸ್ಕೊಳ್ಳೋಣ ಅಂತ ನಾನು ಅವತ್ತೇ ಅಂದಿದ್ದೆ. ನೀವು ಸಭೆ, ಸಭೆ ಅಂತ ಕೂತ್ರಿ."

 ಮೇಸ್ತ್ರಿ ಫೋನನ್ನು ಬಿಗಿಯಾಗಿ ಹಿಡಿದುಕೊಂಡ.

"ನೀನು ಅಂದಿದ್ದೆಯಾ? ನಾನಲ್ವೇನಯ್ಯಾ ಬಸಿಯೋಣ ಅಂದಿದ್ದು? ಕುಲುಮೆ ವಿಷಯ ನಿನಗೇನು ಗೊತ್ತು! ಕಂಪನಿಯವರು ಬೆಲೆ ಕಟ್ಟಲ್ಲ, ಬೇಡ ಅಂತ ಅಡ್ಡಗಾಲು ಹಾಕಿದ್ದು ನೀನು."

"ಭಾವ, ಹಸಿ ಸುಳ್ಳು ಹೇಳ್ತಿದ್ದೀರಿ."

"ಸುಳ್ಳಾ? ಬೇಕಾದ್ರೆ ಕೇಳು ನಿಮ್ಮಕ್ಕನ್ನ. ಅವಳ ಎದುರಿಗೇ ನಾನು—"

ಹೇಳುತ್ತಾ ತಿರುಗಿದ. ಹೆಂಡತಿ ಬಟ್ಟೆ ಬಿಚ್ಚುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಗಾಜು ಕುಯ್ದ ಬೆರಳುಗಳು ಮೇಜಿನ ಮೇಲೆ ಅಂಗಾತ ಬಿದ್ದಿದ್ದವು. 

ಮೇಸ್ತ್ರಿ ಅವಳಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ನಿಂತ.

"ನಾನು ಮೊದಲಿನಿಂದಲೂ ಬಸಿಯೋಣ ಅಂತಲೇ ಹೇಳ್ದೆ" ಅಂದ, ಈಗ ದನಿ ಇನ್ನಷ್ಟು ಎತ್ತರಿಸಿ. "ಕೇಳೋರು ಯಾರಿದ್ರು?"